ಎರಡು ಅಂಕದ ಪ್ರಶ್ನೆ

ಮಂಡ್ಯದ ಮೌಲ್ಯಮಾಪನ ಕೇಂದ್ರ, ಮೂರನೇ ದಿನ.
ಫ್ಯಾನು ನಡುವೆಯೇ ತಿರುಗುತ್ತದೆ, ಗಾಳಿ ಹೋಗುವುದು ಮಾತ್ರ
ನಾಗಮಂಗಲದ ಜವರಪ್ಪ ಮೇಷ್ಟ್ರ ಕಡೆಗೆ.
ಅವರ ಉತ್ತರಪತ್ರಿಕೆಗಳ ಮೇಲೆ ಡಸ್ಟರು,
ನನ್ನವುಗಳ ಮೇಲೆ ಬೆವರು.
ಕಬ್ಬು ಅರೆಯುವ ಕಾಲವಲ್ಲ, ಆದರೂ
ಕಿಟಕಿ ತೆರೆದರೆ ಕಾಕಂಬಿಯ ಹುಳಿ ನಾತ.

ಹದಿನೆಂಟನೇ ಪ್ರಶ್ನೆ.
ಎಕ್ಸ್ ವರ್ಗ, ಕೂಡು ಮೂರು ಎಕ್ಸ್, ಕೂಡು ಐದು:
ಎಕ್ಸ್ ಎಂಬುದು ಋಣ ಮೂರಾದರೆ ಬೆಲೆ ಎಷ್ಟು?
ನಾಲ್ಕು ಸಾಲಿನ ಲೆಕ್ಕ.
ಒಂದು ಅಕ್ಷರ ಎದ್ದು ಹೋಗಿ, ಅದು ಕೂತಿದ್ದ ಕುರ್ಚಿಗಳಲ್ಲೆಲ್ಲ
ಒಂದೇ ಅಂಕಿ ಬಂದು ಕೂರುವುದು. ಮೇಷ್ಟರಿಗೆ
ವರ್ಗವಾದಾಗ ಆಗುವುದೂ ಇಷ್ಟೇ.
ಋಣ ಮೂರನ್ನು ಋಣ ಮೂರರಿಂದ ಗುಣಿಸು, ಧನ ಒಂಬತ್ತು.
ಮೂರನ್ನು ಋಣ ಮೂರರಿಂದ, ಋಣ ಒಂಬತ್ತು.
ಕೊಟ್ಟದ್ದೂ ತಂದದ್ದೂ ಚುಕ್ತಾ. ಉಳಿದದ್ದು ಐದು.

ಬೆಳಗಿನಿಂದ ಇಪ್ಪತ್ತಮೂರು ಬಂದಿದೆ ಹನ್ನೊಂದು ಸಲ,
ಸಾಲವೆಂಬುದನ್ನೇ ಕಾಣದೆ ಎಲ್ಲ ಕೂಡಿಸಿಕೊಂಡ ಮಕ್ಕಳು.
ಋಣ ಹದಿಮೂರು ನಾಲ್ಕು ಸಲ,
ಒಮ್ಮೆ ಋಣವಾದರೆ ಎಂದೆಂದೂ ಋಣವೇ ಎಂದು ನಂಬಿದವರು.
ಒಂದು ಮಗು, ಲೆಕ್ಕವೆಲ್ಲ ಸರಿ ಮಾಡಿ, ಕೊನೆಗೆ ಬರೆದಿದೆ:
ಬೆಲೆ ಐದು ರೂಪಾಯಿ.
ಜವರಪ್ಪನವರಿಗೆ ತೋರಿಸಿದೆ.
‘ಬೆಲೆ ಕೇಳವ್ರೆ, ಹೇಳೈತೆ ಕಣ್ ಬುಡಿ.
ಚೌಕಾಸಿ ಮಾಡ್ದೆ ಎರಡೂ ಕೊಟ್ಬುಡಿ ಅತ್ಲಾಗೆ.’
ಕೊಟ್ಟೆ.

ಊಟದ ಮೇಲಿನ ಕಟ್ಟಿನಲ್ಲಿ ಸಿಕ್ಕಿದ್ದು ಇದು.
ಗುಂಡು ಅಕ್ಷರ. ಗಂಡೋ ಹೆಣ್ಣೋ, ಯಾವ ಊರೋ,
ಹೆಸರಿನ ಜಾಗದಲ್ಲಿ ಬರೀ ಗುಪ್ತ ಸಂಖ್ಯೆ.
ಋಣ ಮೂರರ ವರ್ಗ ಋಣ ಒಂಬತ್ತು ಎಂದಿದೆ.
ಮೂರು ಸಲ ಋಣ ಮೂರು ಧನ ಒಂಬತ್ತು ಎಂದಿದೆ.
ಎರಡೂ ತಪ್ಪು. ಎದುರುಬದುರು ನಿಂತು
ಒಂದನ್ನೊಂದು ನುಂಗಿವೆ. ಉಳಿದದ್ದು
ಐದು.
ಕೆಳಗೆ ಸ್ಕೇಲಿಟ್ಟು ಎಳೆದ ಎರಡು ಗೆರೆ.

ಪೆನ್ನೆತ್ತಿ ಹಾಗೇ ಕೂತೆ.
ಪ್ರಶ್ನೆ ತೆಗೆದವರು ಯಾರೋ, ಇದನ್ನು ಯೋಚಿಸಿಲ್ಲ.
ಋಣ ಎರಡು ಕೊಟ್ಟಿದ್ದರೆ ಸಾಕಿತ್ತು,
ಮೂರು ಬರುವಲ್ಲಿ ಏಳು ಬಂದು ಗುಟ್ಟು ಬಯಲಾಗುತ್ತಿತ್ತು.
ಬದುಕಿನಲ್ಲೂ ಕೆಲವರಿಗೆ ಋಣ ಮೂರೇ ಸಿಗುತ್ತದೆ,
ಕೊನೆತನಕ. ನನಗೂ ಸಿಕ್ಕಿರಬಹುದು.

ಆದೇಶಿಸಿದ್ದಕ್ಕೆ ಅರ್ಧ, ಬಿಡಿಸಿದ್ದಕ್ಕೆ ಒಂದು, ಉತ್ತರಕ್ಕೆ ಅರ್ಧ,
ಎನ್ನುತ್ತದೆ ಸ್ಕೀಮು.
ಫರ್ಹಾನಾ ಮೇಡಂ ಕನ್ನಡಕ ಹಣೆಗೇರಿಸಿ ನೋಡಿದರು:
‘ಆವರಣ ಹಾಕಿಲ್ಲ ಸರ್, ಅಲ್ಲಿಂದ ಶುರುವಾಗಿದೆ ಕಾಯಿಲೆ.’
ಹೌದು. ಋಣವನ್ನು ವರ್ಗದೊಳಕ್ಕೆ ಕರೆದೊಯ್ಯುವಾಗ
ಎರಡೂ ಬದಿಗೆ ಕೈ ಅಡ್ಡ ಹಿಡಿಯಬೇಕು,
ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಹಾಗೆ
ಚಿಹ್ನೆ ಹೊರಗೇ ಉಳಿಯದಂತೆ.
ಇಪ್ಪತ್ತೊಂದು ವರ್ಷದಿಂದ ಹೇಳಿದ್ದೇನೆ ಇದನ್ನು,
ಬೋರ್ಡಿಗೆ ಮುಖ ಮಾಡಿ.

ಮೊದಲು ಎರಡು ಬರೆದಿದ್ದೆ.
ಹೊಡೆದು, ಪಕ್ಕದಲ್ಲಿ ಒಂದು ಎಂದು ಬರೆದು, ಸಹಿ ಹಾಕಿದೆ.
ಜೆರಾಕ್ಸ್ ತರಿಸಿ ನೋಡಿದರೆ ಆ ಮಗುವಿಗೆ ಕಾಣುತ್ತದೆ
ಹೊಡೆದ ಎರಡು.
ಕಂಡರೆ ಬೈಯಲಿ, ಅಥವಾ ಮೇಲಿನ ಸಾಲು ಓದಲಿ.

ಸಂಜೆ ಮಳವಳ್ಳಿ ಬಸ್ಸು. ನಾಲೆಗೆ ನೀರು ಬಿಟ್ಟಿರಲಿಲ್ಲ.
ಚಿಲ್ಲರೆಯಿಲ್ಲವೆಂದು ಕಂಡಕ್ಟರು ಟಿಕೇಟಿನ ಹಿಂದೆ
5 ಬರೆದು ಸುತ್ತ ಒಂದು ಸೊನ್ನೆ ಎಳೆದ.
ನನಗದು ಧನ, ಅವನಿಗೆ ಋಣ,
ಕಾಗದದ ಮೇಲೆ ಯಾವ ಚಿಹ್ನೆಯೂ ಇಲ್ಲ.
ಬೆರಳಿನ ಕೆಂಪು ಶಾಯಿ ತೊಳೆಯುವಾಗ ನೆನಪಾಯಿತು,
ಕೇಳದೆಯೇ ಇಳಿದುಬಿಟ್ಟೆನಲ್ಲ ಎಂದು.

ನಾಳೆಯೂ ಅದೇ ಬಸ್ಸು.
ಅವನೇ ಇರುತ್ತಾನೋ, ಅದೇ ಸೀಟಿನಲ್ಲಿ
ಇನ್ನೊಬ್ಬ ಬಂದು ಕೂತಿರುತ್ತಾನೋ.